ವಾರ್ಡಿನ ನಾಯಕತ್ವ, ನರ್ಸ್‌ಗಳ ನೆಮ್ಮದಿ

ನಾಯಕತ್ವದಲ್ಲಿ ಮುಖ್ಯವಾಗಿ ಮೂರು ಶೈಲಿಗಳಿವೆ: ನಿರಂಕುಶ, ಪ್ರಜಾಸತ್ತಾತ್ಮಕ ಮತ್ತು ಮುಕ್ತ. ಇವು ಕಾರ್ಖಾನೆಯಂತೆ ಆಸ್ಪತ್ರೆಗೂ ಅನ್ವಯಿಸುತ್ತವೆ.

1980ರ ಸುಮಾರಿಗೆ ಅಮೆರಿಕದಲ್ಲಿ ನರ್ಸ್‌ಗಳ ಕೊರತೆ ತೀವ್ರವಾಗಿತ್ತು. ಆದರೂ ಕೆಲವು ಆಸ್ಪತ್ರೆಗಳಲ್ಲಿ ಅವರು ಕೆಲಸ ಬಿಡದೆ ಉಳಿದರು. 1983ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ 41 ಆಸ್ಪತ್ರೆಗಳನ್ನು ಗುರುತಿಸಿ ‘ಮ್ಯಾಗ್ನೆಟ್’ ಎಂದು ಕರೆಯಿತು. ಅಲ್ಲಿ ಮೇಲಿನವರು ನರ್ಸ್‌ಗಳ ಮಾತು ಕೇಳುತ್ತಿದ್ದರು, ನಿರ್ಧಾರಗಳಲ್ಲಿ ಸೇರಿಸಿಕೊಳ್ಳುತ್ತಿದ್ದರು, ಪಾಳಿ ಹಾಕುವಾಗ ಅನುಕೂಲ ನೋಡುತ್ತಿದ್ದರು.

ತುರ್ತು ಸಮಯದಲ್ಲಿ ಆದೇಶ ಬೇಕೇ ಬೇಕು. ಉಸಿರು ನಿಂತ ರೋಗಿಯ ಮುಂದೆ ಚರ್ಚೆ ಸಲ್ಲದು. ಆದರೆ ದಿನವಿಡೀ ಗದರಿಕೆಯೇ ಆದರೆ ನರ್ಸ್‌ಗಳು ತಪ್ಪಾದಾಗ ಹೇಳಲು ಹೆದರುತ್ತಾರೆ. ಮುಚ್ಚಿಟ್ಟ ತಪ್ಪಿಗೆ ಬೆಲೆ ತೆರುವವರು ರೋಗಿಗಳು.

ನಾಳೆ ನಮ್ಮಲ್ಲಿ ಕೆಲವರು ಆಸ್ಪತ್ರೆಯ ಆಡಳಿತದಲ್ಲಿರಬಹುದು. ಆಗ ಸಂಬಳದ ಪಟ್ಟಿಯಷ್ಟೇ ಗಮನದಿಂದ ಪಾಳಿಯ ಪಟ್ಟಿಯನ್ನೂ ನೋಡೋಣ.