ಮತದಾರರ ಪಟ್ಟಿಯಲ್ಲಿ ಇಲ್ಲದವರು

ತಂಗಿ, ವಿಧಾನ ಪರಿಷತ್ತಿಗೆ ನಿಲ್ಲಬೇಕೆಂಬ ಹಂಬಲ ನಿನಗಿದೆ ಅಂತ ತಿಳಿಯಿತು. ಬೇಡ ಅನ್ನುವವನಲ್ಲ ನಾನು. ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ಶಾಸನ ಮಾಡುವ ಕಡೆ ಹೋದರೆ ಅಲ್ಲಿನವರಿಗೇನೂ ನಷ್ಟವಿಲ್ಲ. ಹೊರಡುವ ಮುನ್ನ ಶಿಕ್ಷಕರ ಕ್ಷೇತ್ರದ ಹಿಂದಿನ ಮತದಾರರ ಪಟ್ಟಿ ತರಿಸಿಕೊಂಡು ನಿಧಾನವಾಗಿ ಓದು. ಯಾರ ಹೆಸರಿದೆ ಅನ್ನುವುದನ್ನು ಎಲ್ಲ ಅಭ್ಯರ್ಥಿಗಳೂ ನೋಡುತ್ತಾರೆ. ಯಾರ ಹೆಸರಿಲ್ಲ ಅನ್ನುವುದನ್ನು ನೀನು ನೋಡು.

ಸಂವಿಧಾನದ 171ನೇ ವಿಧಿ ಪರಿಷತ್ತಿನ ಹನ್ನೆರಡರಲ್ಲೊಂದು ಪಾಲನ್ನು ಶಿಕ್ಷಕರಿಗೆ ಕೊಟ್ಟಿದೆ. ನಮ್ಮ 75 ಸ್ಥಾನಗಳಲ್ಲಿ ಅದು 7. ಹಿಂದಿನ ಆರು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ ಹೈಸ್ಕೂಲು ಅಥವಾ ಅದಕ್ಕಿಂತ ಮೇಲಿನ ಸಂಸ್ಥೆಯಲ್ಲಿ ಪಾಠ ಮಾಡಿದವರಿಗೆ ಮಾತ್ರ ವೋಟು. ಒಂದನೇ ಇಯತ್ತೆಗೆ ಅಕ್ಷರ ತಿದ್ದಿಸುವ ಅಕ್ಕೋರಿಗೆ ಇಲ್ಲ. ಪಾಲಕರಿಗೆ ಇಲ್ಲ. ಮಕ್ಕಳ ಮಾತಂತೂ ಬೇಡವೇ ಬೇಡ. ಯಾರಿಗಾಗಿ ಶಾಲೆ ಇದೆಯೋ ಅವರೇ ಇಲ್ಲದ ಪಟ್ಟಿ ಹಿಡಿದು ನೀನು ಮನೆಮನೆ ತಿರುಗಬೇಕು.

ಬಸವರಾಜ ಹೊರಟ್ಟಿಯವರ ದಾರಿ ನಿನ್ನ ಕಣ್ಣಮುಂದೆ ಇದ್ದೇ ಇರುತ್ತದೆ. ನಮ್ಮ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ ಯಾರಿಗೆ ಇರುವುದಿಲ್ಲ? ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿದ್ದವರು 1980ರಲ್ಲಿ ಪರಿಷತ್ತಿಗೆ ಹೋದರು, 2022ಕ್ಕೆ ಎಂಟನೇ ಸಲ ಗೆದ್ದರು. ಪಕ್ಷ ಬದಲಾಯಿತು, ಕ್ಷೇತ್ರ ಬದಲಾಗಲಿಲ್ಲ. ಸಭಾಪತಿಯೂ ಆದರು. ಪಿ.ಟಿ. ಮಾಸ್ತರರಿಗೆ ಸೀಟಿ ಊದುವುದು ಬಿಟ್ಟರೆ ಏನು ಕೆಲಸ ಅಂತ ನಗುವ ಸ್ಟಾಫ್ ರೂಮುಗಳು ಇದನ್ನು ನೆನಪಿಡಬೇಕು: ಗದ್ದಲದ ಸದನವನ್ನು ಸಾಲಿಗೆ ತರುವ ಕುರ್ಚಿ ಸಿಕ್ಕಿದ್ದು ಅವರಿಗೇ.

ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ನಾಲ್ಕು ಜಿಲ್ಲೆಯ ಮಾಸ್ತರರು ಭಾಷಣ ಕೇಳಿ ಯಾರನ್ನೂ ಎಂಟು ಸಲ ಆರಿಸುವುದಿಲ್ಲ. ಅನುದಾನಿತ ಶಾಲೆಯವರ ಬದುಕೆಲ್ಲ ಕಡತದಲ್ಲಿರುತ್ತದೆ ಅಂತ ನಿನಗೆ ಹೇಳಬೇಕಿಲ್ಲ. ನೇಮಕಾತಿಗೆ ಅನುಮೋದನೆ, ವೇತನಾನುದಾನ, ಕಾಲ್ಪನಿಕ ವೇತನ, 2006ರ ಏಪ್ರಿಲ್ ನಂತರ ಸೇರಿದವರ ಕೈತಪ್ಪಿದ ಹಳೆ ಪಿಂಚಣಿ. ಜಿಲ್ಲಾ ಉಪನಿರ್ದೇಶಕರ (ಡಿಡಿಪಿಐ) ಕಚೇರಿಯಲ್ಲಿ ಮಲಗಿದ ಕಡತವನ್ನು ಎಬ್ಬಿಸಿದವರನ್ನು ಮಾಸ್ತರರು ನಿವೃತ್ತಿಯ ನಂತರವೂ ಮರೆಯುವುದಿಲ್ಲ. ಈ ಕೆಲಸವನ್ನು ನೀನೂ ಮಾಡು, ಕೀಳಾಗಿ ಕಾಣಬೇಡ. ಆದರೆ ಆರು ವರ್ಷ ಇದೊಂದನ್ನೇ ಮಾಡಿದರೆ ಶಾಸಕಿ ಅನ್ನುವ ಹಲಗೆ ಹಾಕಿಕೊಂಡ ಸಂಘದ ಕಾರ್ಯದರ್ಶಿಯಾಗಿ ಉಳಿಯುತ್ತೀ.

ಹೊರಟ್ಟಿಯವರು ಶಿಕ್ಷಣ ಮಂತ್ರಿಯಾಗಿದ್ದ 2006-07ರ ಕಾಲವನ್ನು ನೋಡು. ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ನಡೆಸುತ್ತಿದ್ದ ಶಾಲೆಗಳ ಮಾನ್ಯತೆಗೇ ಆಗ ಕೈ ಹಾಕಲಾಯಿತು. ಅದೇ ಸರ್ಕಾರ ಸರ್ಕಾರಿ ಶಾಲೆಗೆ ಒಂದನೇ ಇಯತ್ತೆಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ತಂದಿತು. ಒಂದಕ್ಕೆ ಆಡಳಿತ ಮಂಡಳಿಯವರು ಮುನಿದರು, ಇನ್ನೊಂದಕ್ಕೆ ಕನ್ನಡದ ಸಾಹಿತಿಗಳು. ಎರಡನೆಯದರ ಬಗ್ಗೆ ನನಗೆ ಇಂದಿಗೂ ತಕರಾರಿದೆ. ಮೊದಲನೆಯದಕ್ಕೆ ಬಂದರೆ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟೂ ಹೇಳಿಬಿಟ್ಟಿತು. ಅದೇನೇ ಇರಲಿ, ಅವತ್ತಿನ ಜಗಳ ಎದ್ದದ್ದು ವೋಟಿಲ್ಲದ ಮಕ್ಕಳ ವಿಷಯಕ್ಕೆ.

ಕೇರಳದ ಜೋಸೆಫ್ ಮುಂಡಶ್ಶೇರಿಯವರದು ಇನ್ನೂ ಬಿರುಸಿನ ಕತೆ. ತ್ರಿಶೂರಿನ ಸೇಂಟ್ ಥಾಮಸ್ ಕಾಲೇಜಿನಲ್ಲಿ ಪಾಠ ಹೇಳಿದ ಮಲಯಾಳಂ ವಿಮರ್ಶಕರು, 1957ರಲ್ಲಿ ಮುಖ್ಯಮಂತ್ರಿ ಇ.ಎಂ.ಎಸ್. ಸಂಪುಟದ ಶಿಕ್ಷಣ ಮಂತ್ರಿ. ಅಲ್ಲಿ ಶಿಕ್ಷಕರ ಕ್ಷೇತ್ರವೂ ಇಲ್ಲ, ಪರಿಷತ್ತೂ ಇಲ್ಲ. ಆರಿಸಿದ್ದು ಮಣಲೂರಿನ ಸಾಮಾನ್ಯ ಮತದಾರರು. ಖಾಸಗಿ ಶಾಲೆಯ ಮಾಸ್ತರರ ಸಂಬಳ ಆಡಳಿತ ಮಂಡಳಿಯ ಕೈ ದಾಟದೆ ನೇರ ಸರ್ಕಾರದಿಂದಲೇ ಬರಲಿ, ನೇಮಕಾತಿಗೂ ಕಟ್ಟಳೆ ಇರಲಿ ಅಂತ ಮಸೂದೆ ತಂದರು. ರಾಷ್ಟ್ರಪತಿಗಳು ಅದನ್ನು ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಕಳಿಸಿದರು. ಶಾಲೆಗಳ ಒಡೆತನವಿದ್ದ ಚರ್ಚೂ ನಾಯರ್ ಸರ್ವಿಸ್ ಸೊಸೈಟಿಯೂ ಎದುರು ನಿಂತವು. ಭೂಸುಧಾರಣೆಯ ಸಿಟ್ಟೂ ಜೊತೆಗೆ ಸೇರಿ, 1959ರ ಜುಲೈ 31ರಂದು ಸರ್ಕಾರವನ್ನೇ ವಜಾ ಮಾಡಲಾಯಿತು. ಮಂತ್ರಿಗಿರಿ ಹೋಯಿತು, ಸಂಬಳದ ಪದ್ಧತಿ ಮಾತ್ರ ಉಳಿದುಕೊಂಡಿತು.

ನಿನ್ನ ಕೈಗೆ ಅಂಥ ಅಧಿಕಾರ ಸಿಗುವುದು ದೂರದ ಮಾತು. ಪರಿಷತ್ತು ಹಣಕಾಸಿನ ಮಸೂದೆಯನ್ನು ಹದಿನಾಲ್ಕು ದಿನಕ್ಕಿಂತ ಹೆಚ್ಚು ಹಿಡಿದಿಡಲಾರದು. ಹೊಸ ಸದಸ್ಯೆಗೆ ದಕ್ಕುವುದು ಪ್ರಶ್ನೆ, ಅದು ನಿನ್ನ ಕಸುಬೇ ಆಗಿದೆ. ‘ಶಿಕ್ಷಕರ ಕೊರತೆ ಸರ್ಕಾರದ ಗಮನಕ್ಕೆ ಬಂದಿದೆಯೇ?’ ಅಂದರೆ ‘ಬಂದಿದೆ’ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಹೌದು-ಅಲ್ಲ ಅನ್ನುವ ಪ್ರಶ್ನೆಯನ್ನು ನೀನು ಪರೀಕ್ಷೆಯಲ್ಲೂ ಕೇಳುವುದಿಲ್ಲವಲ್ಲ. ರೋಣ ತಾಲೂಕಿನಲ್ಲಿ ಗಣಿತದವರಿಲ್ಲದ ಹೈಸ್ಕೂಲು ಯಾವುವು, ಹುದ್ದೆ ಯಾವ ತಾರೀಖಿನಿಂದ ಖಾಲಿ, ಅಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎಷ್ಟು ಮಕ್ಕಳು ಫೇಲಾದರು, ಮೂರನ್ನೂ ಒಂದೇ ಪ್ರಶ್ನೆಯ ಅ, ಆ, ಇ ಮಾಡಿ ಕೇಳು. ‘ಮಾಹಿತಿಯನ್ನು ಅನುಬಂಧದಲ್ಲಿ ಒದಗಿಸಿದೆ’ ಅಂತ ಉತ್ತರ ಬರುತ್ತದೆ. ಹೆಚ್ಚಿನವರು ಅಲ್ಲಿಗೇ ಬಿಡುತ್ತಾರೆ. ನೀನು ಅನುಬಂಧ ಬಿಡಿಸಿ ಓದು, ಉಪಪ್ರಶ್ನೆ ಅಲ್ಲಿರುತ್ತದೆ. ಮಂತ್ರಿಗಳು ಎದ್ದುನಿಂತು ಭರವಸೆ ಕೊಟ್ಟರೆ ದಿನಾಂಕ ಬರೆದಿಟ್ಟುಕೊಂಡು ಭರವಸೆಗಳ ಸಮಿತಿಯ ಬೆನ್ನು ಹತ್ತು.

ಚುನಾವಣೆಯ ರೀತಿನೀತಿ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಪ್ರತಿ ಸಲ ಪಟ್ಟಿ ಹೊಸದಾಗಿ ತಯಾರಾಗುತ್ತದೆ, ನಮೂನೆ 19 ತುಂಬಿಸಿ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ ಲಗತ್ತಿಸಬೇಕು. ಪ್ರಾಶಸ್ತ್ಯ ಮತ, ಮತಗಟ್ಟೆಯಲ್ಲಿ ಕೊಟ್ಟ ನೇರಳೆ ಪೆನ್ನಿನಲ್ಲೇ ಅಂಕಿ ಬರೆಯಬೇಕು. ಟಿಕ್ ಹಾಕಿ, ಕೆಳಗೆ ಸಹಿ ಮಾಡಿ ಮತ ಕೆಡಿಸಿಕೊಳ್ಳುವ ಮಾಸ್ತರರು ಇನ್ನೂ ಇದ್ದಾರೆ, ಏನು ಹೇಳೋಣ! ಊಟ, ಉಡುಗೊರೆಯ ಗೋಜಿಗೆ ಹೋಗಬೇಡ. ತಿಂದವರು ಮರುವಾರ ಇನ್ನೊಬ್ಬರ ಪಂಕ್ತಿಯಲ್ಲಿ ಕೂತಿರುತ್ತಾರೆ.

2022ರಲ್ಲೂ 2024ರಲ್ಲೂ ಮತದಾನ ನಡೆದದ್ದು ಜೂನಿನಲ್ಲಿ. ಹೆಸರು ಸೇರಿಸುವ ಓಡಾಟ ಮಾತ್ರ ಹಿಂದಿನ ಅಕ್ಟೋಬರಿಗೇ ಶುರು, ಹತ್ತನೇ ಇಯತ್ತೆಯವರಿಗೆ ನೀನು ಅತಿ ಹೆಚ್ಚು ಬೇಕಾಗುವ ತಿಂಗಳುಗಳು ಅವು. ಆ ವರ್ಷ ಹತ್ತನೆಯ ಗಣಿತವನ್ನು ಮೊದಲೇ ಬೇರೆಯವರಿಗೆ ಒಪ್ಪಿಸು, ಇಲ್ಲವೇ ನಿನ್ನ ಖಾತೆಯ ರಜೆ ಹಾಕಿ ಹೋಗು. ಓಓಡಿ, ಅಂದರೆ ಅನ್ಯ ಕರ್ತವ್ಯದ ಮೇಲೆ, ಅಂತ ಬರೆದು ಪ್ರಚಾರಕ್ಕೆ ಹೋಗುವವರನ್ನು ನಾನು ಕಂಡಿದ್ದೇನೆ. ಗೆದ್ದ ಮೇಲೆ ನೀನು ಸದನದಲ್ಲಿ ಶಿಕ್ಷಕರ ಗೈರುಹಾಜರಿಯ ಬಗ್ಗೆ ಬಾಯಿ ತೆರೆದ ದಿನ, ಎದುರಿನ ಸಾಲಿನವರು ಹುಡುಕಿ ತರಿಸುವುದು ನಿನ್ನ ಶಾಲೆಯ ಆ ವರ್ಷದ ಹಾಜರಿ ಪುಸ್ತಕವನ್ನೇ.