ಮೊಸಳೆ ಅದೇ, ದಡ ಬೇರೆ

ಪ್ರಶ್ನೆ: ನಾವು ಮಲೇಷ್ಯಾದ ಪೆಟಾಲಿಂಗ್ ಜಯದಲ್ಲಿದ್ದೇವೆ. ಮಗಳಿಗೆ ಒಂಬತ್ತು ವರ್ಷ. ಎರಡು ಕಥೆ ನಡೆಯುವ ಜಾಗಗಳನ್ನು ಹೋಲಿಸಿ ಬರೆಯಲು ಶಾಲೆಯಲ್ಲಿ ಹೇಳಿದರೆ ‘ಅಲ್ಲಿ ಕಾಡು, ಇಲ್ಲಿ ಊರು’ ಎಂದು ಬರೆದು ಪುಸ್ತಕ ಮುಚ್ಚುತ್ತಾಳೆ. ಇನ್ನು ನಾನು ಹೇಳುವ ಕನ್ನಡ ಕಥೆಗಳ ಹೊಳೆ, ತೋಟ, ಅಂಗಳ ಯಾವುದನ್ನೂ ಅವಳು ಕಂಡಿಲ್ಲ. ಈ ಕಥೆಗಳು ಅವಳಿಗೆ ದಕ್ಕುವುದೇ ಇಲ್ಲವೇನೋ ಎಂಬ ಕೊರಗು.

ಉತ್ತರ: ಮಗಳು ಬರೆದದ್ದು ತಪ್ಪಲ್ಲ, ಅರ್ಧಕ್ಕೆ ನಿಂತಿದೆ. ‘ಕಥೆ ಎಲ್ಲಿ ನಡೆಯಿತು?’ ಎಂದರೆ ಮಕ್ಕಳು ಜಾಗದ ಹೆಸರು ಹೇಳಿ ಸುಮ್ಮನಾಗುತ್ತಾರೆ. ‘ಆ ಜಾಗ ಹಾಗಿರದಿದ್ದರೆ ಕಥೆ ಏನಾಗುತ್ತಿತ್ತು?’ ಎಂದು ಕೇಳಿ ನೋಡಿ.

ಇದಕ್ಕೆ ಒಂದು ಸೊಗಸಾದ ಜೋಡಿ ನಿಮ್ಮ ಕೈಯಳತೆಯಲ್ಲೇ ಇದೆ. ಒಂದು, ಅಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ ಪುಟ್ಟ ಇಲಿಜಿಂಕೆ ಸಾಂಗ್ ಕಂಚಿಲ್‌ನ ಕಥೆ. ಇನ್ನೊಂದು, ನಮ್ಮ ಪಂಚತಂತ್ರದ ಮಂಗ ಮತ್ತು ಮೊಸಳೆ. ಎರಡರಲ್ಲೂ ನೀರಿದೆ, ಹಣ್ಣಿದೆ, ಮೊಸಳೆಯಿದೆ, ಪುಟ್ಟ ಪ್ರಾಣಿಯ ಜಾಣತನವಿದೆ. ಹಾಗಾದರೆ ವ್ಯತ್ಯಾಸ ಎಲ್ಲಿ? ಒಂದು ಹಾಳೆಯಲ್ಲಿ ಎರಡು ಹೊಳೆ ಬರೆಯಲು ಹೇಳಿ. ಮಂಗನ ನೇರಳೆ ಮರ ಈಚೆ ದಡದಲ್ಲಿ. ಕಂಚಿಲ್ ಆಸೆಪಟ್ಟ ಹಣ್ಣು ಆಚೆ ದಡದಲ್ಲಿ. ಮಂಗನಿಗೆ ನೀರಿಗಿಳಿಯುವ ಅಗತ್ಯವೇ ಇಲ್ಲ, ಹಾಗಾಗಿ ಮೊಸಳೆ ಸ್ನೇಹದ ಮಾತಾಡಿ ಕರೆದೊಯ್ಯಬೇಕು. ಕಂಚಿಲ್‌ಗೆ ದಾಟದೆ ಗತಿಯಿಲ್ಲ, ಹಾಗಾಗಿ ರಾಜನ ಅಪ್ಪಣೆ ಎಂದು ಸುಳ್ಳು ಹೇಳಿ, ಎಣಿಸುವ ನೆಪದಲ್ಲಿ ಮೊಸಳೆಗಳನ್ನೇ ಸಾಲಾಗಿ ನಿಲ್ಲಿಸುತ್ತದೆ. ಒಬ್ಬನಿಗೆ ಹಿಂತಿರುಗಿದರೆ ಜೀವ ಉಳಿಯುತ್ತದೆ, ಇನ್ನೊಬ್ಬನಿಗೆ ಮುಂದೆ ಜಿಗಿದರೆ. ಈಗ ನೇರಳೆ ಮರವನ್ನು ಅಳಿಸಿ ಆಚೆ ದಡದಲ್ಲಿ ನೆಡಲಿ. ‘ಹೃದಯ ಮರದ ಮೇಲೆ ಬಿಟ್ಟು ಬಂದೆ’ ಎಂಬ ಮಂಗನ ಉಪಾಯ ಇನ್ನು ನಡೆದೀತೇ? ಮೊಸಳೆ ಮಂಗನನ್ನು ಯಾವ ದಡಕ್ಕೆ ಕರೆದೊಯ್ಯಬೇಕು? ಅವಳೇ ವಾದಿಸಲಿ, ನೀವು ನಡುವೆ ಬಾಯಿ ಹಾಕಬೇಡಿ.

ಶಾಲೆಯ ಉತ್ತರಕ್ಕೆ ಬೇಕಾದದ್ದು ಇದೇ: ‘ಅಲ್ಲಿ ಹೀಗಿತ್ತು, ಆದ್ದರಿಂದ ಹೀಗಾಯಿತು’ ಎಂಬ ಎರಡು ಮೂರು ವಾಕ್ಯ. ಮೊದಲು ಕನ್ನಡದಲ್ಲೇ ಹೇಳಲಿ, ಆಮೇಲೆ ಶಾಲೆಯ ಭಾಷೆಯಲ್ಲಿ ಬರೆಯಲಿ.

ಇನ್ನು ಊರಿನ ಕಥೆ ದಕ್ಕದೆಂಬ ಕೊರಗು. ಕಥೆಯ ಜಾಗವನ್ನೇ ಬದಲಿಸಬಹುದು ನೋಡಿ. ಇಂಗ್ಲಿಷ್ ಕವಿ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ, ಇಲಿಗಳನ್ನು ಮರುಳುಮಾಡುವ ಕೊಳಲಿನವನ ಕವನದಲ್ಲಿ ಇಲಿಗಳು ಜರ್ಮನಿಯ ಹ್ಯಾಮೆಲಿನ್ ಪಟ್ಟಣದವು, ಮುಳುಗುವುದು ವೇಸರ್ ನದಿಯಲ್ಲಿ. ಕುವೆಂಪು ಆ ಕಥೆಯನ್ನು ತುಂಗೆಯ ದಡದ ಬೊಮ್ಮನಹಳ್ಳಿಗೆ ತಂದರು, ಕೊಳಲಿನವನ ಜಾಗದಲ್ಲಿ ಕಿಂದರಿಜೋಗಿ ಬಂದ. ಹ್ಯಾಮೆಲಿನ್ ಕಾಣದ ನಮ್ಮ ಎಷ್ಟೋ ತಲೆಮಾರಿನ ಮಕ್ಕಳು ಅದನ್ನು ತಮ್ಮದೇ ಕಥೆಯೆಂದು ಓದಿ ಕುಣಿದರು. ನಿಮ್ಮ ಮಗಳೂ ಅದೇ ಕೆಲಸ ಮಾಡಬಹುದು. ಕ್ವಾಲಾ ಸೆಲಂಗೋರ್ ನಿಮ್ಮಿಂದ ದೂರವಲ್ಲ. ಅಲ್ಲಿ ನದಿ ಕಡಲು ಸೇರುತ್ತದೆ, ಕಾಂಡ್ಲಾ ಕಾಡಿದೆ, ಬುಕಿಟ್ ಮೆಲಾವತಿ ಗುಡ್ಡದ ಮೇಲೆ ಮಂಗಗಳಿವೆ. ಒಂದು ಭಾನುವಾರ ಕರೆದುಕೊಂಡು ಹೋಗಿ. ಪಂಚತಂತ್ರದ ಮಂಗನನ್ನು ಆ ಗುಡ್ಡಕ್ಕೆ ತಂದರೆ ಯಾವ ಮರದಲ್ಲಿ ಕೂರಿಸುತ್ತಾಳೆ, ಮೊಸಳೆ ಎಲ್ಲಿಂದ ಬರುತ್ತದೆ, ಉಬ್ಬರ ಇಳಿತದ ನೀರಿಗೆ ಕಥೆಯಲ್ಲಿ ಏನು ಕೆಲಸ ಎಂದು ಅವಳನ್ನೇ ಕೇಳಿ.