ಹಾಯಿದೋಣಿಯ ನಡೆ ತಿಳಿಯುವ ಬಗೆ

ದೂರ ಪಯಣದ ಹಾಯಿದೋಣಿಯ ವೇಗಕ್ಕೆ ಮಿತಿ ಹಾಕುವುದು ಮುಖ್ಯವಾಗಿ ಅದು ನೀರನ್ನು ಮುಟ್ಟುವ ಉದ್ದ. ಅಡಿಗಳಲ್ಲಿ ಆ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಅಂದಾಜು ಗರಿಷ್ಠ ವೇಗ ನಾಟ್‌ಗಳಲ್ಲಿ ಸಿಗುತ್ತದೆ. 36 ಅಡಿಗೆ ಸುಮಾರು 8 ನಾಟ್. ವೇಗವೊಂದೇ ಸಾಲದು. ಗಾಳಿಗೆ ಎದುರಾಗಿ ಎಷ್ಟು ಓರೆಯಲ್ಲಿ ಸಾಗುತ್ತದೆ, ಪಕ್ಕಕ್ಕೆಷ್ಟು ಜಾರುತ್ತದೆ, ಗಾಳಿ ಬಲಿತಾಗ ಚುಕ್ಕಾಣಿ ಎಷ್ಟು ಭಾರವಾಗುತ್ತದೆ ಎಂಬುದೇ ನಿಜವಾದ ಪರೀಕ್ಷೆ. ನಾಶಿಕದ ಗಂಗಾಪುರ ಜಲಾಶಯ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದ ನಾಥಸಾಗರ ಜಲಾಶಯ ಹಾಯಿದೋಣಿ ನಡೆಸುವ ಮೊದಲ ಪಾಠಕ್ಕೆ ಸಾಕು. ಕಡಲ ದೋಣಿಯನ್ನು ಅಳೆಯಲು ಸಾಲವು, ಅಲ್ಲಿ ಸಾಗರದ ನೀಳ ಅಲೆಗಳಿಲ್ಲ. ಗೋವಾದಲ್ಲಿ ಕಟ್ಟಿದ 56 ಅಡಿಯ ಹಾಯಿದೋಣಿ ‘ಮ್ಹಾದೇಯಿ’ಯಲ್ಲಿ ನಾವಿಕ ದಿಲೀಪ್ ದೋಂದೆ 2009–10ರಲ್ಲಿ ಒಬ್ಬರೇ ಭೂಪ್ರದಕ್ಷಿಣೆ ಮುಗಿಸಿದರು; ದೋಣಿಯ ಗುಣ ಸಾಬೀತಾದದ್ದು ಅಂಥ ಅಲೆಗಳ ಕಡಲಲ್ಲೇ. ಕೊಳ್ಳುವವರು ನೀರು, ಇಂಧನ, ಸಾಮಾನು ತುಂಬಿದ ದೋಣಿಯನ್ನೇ ಮುಂಬೈ ಕಡಲಿನಲ್ಲಿ ನಡೆಸಿ ನೋಡಲಿ. ಖಾಲಿ ದೋಣಿಯ ಓಟವನ್ನು ನಂಬಬಾರದು.